ಗೇಣಗಲದ ಗರಿಕೆ

"ಸರ್, ಆ ನೇಕಾರರಿಗೆ ನಾನು ಏನಂತ ಹೇಳಲಿ?" ಅಂತ ಕೇಳಿದಳು ನಾಗವೇಣಿ.

ನಾಗವೇಣಿ ಹೊಸ ಡಾಕ್ಟ್ರು. ಅವಳ ಗುರುಗಳು ಪಾಲಾಕ್ಷಯ್ಯನವರು ಆ ನೇಕಾರರಿಗೆ ಪಿತ್ತನಾಳದ ಕ್ಯಾನ್ಸರ್ ಆಪರೇಷನ್ ಮಾಡಿದ್ರು. ಗಡ್ಡೆ ಪೂರ್ತಿ ಹೋಗಿತ್ತು. ಆದ್ರೆ ಆಮೇಲೆ ರಕ್ತ ಪರೀಕ್ಷೆ ಮಾಡಿ ನೋಡಿದಾಗ, ರೋಗದ ಜೊತೆ ಹೋರಾಡೋ ಕಣಗಳು ಕಮ್ಮಿ ಇದ್ವು. ಇಷ್ಟು ಕಮ್ಮಿ ಇದ್ದೋರಲ್ಲಿ ಹೆಚ್ಚಿನವರು ತುಂಬಾ ವರ್ಷ ಬದುಕಲ್ಲ ಅಂತ ಲೆಕ್ಕ ಹೇಳ್ತಿತ್ತು. ನೇಕಾರರು ಅವಳನ್ನ ಕೇಳಿದ್ದು ಮಾತ್ರ ಒಂದೇ. ತಿಂಗಳುಗಟ್ಟಲೆ ನೇಯೋ ಅಷ್ಟು ಉದ್ದದ ನೂಲಿನ ಹೊಸ ಹಾಸು ಮಗ್ಗಕ್ಕೆ ಏರಿಸಲಾ, ಬೇಡ್ವಾ ಅಂತ.

ನೇಕಾರರ ಪರೀಕ್ಷೆ, ಲೆಕ್ಕ ಎಲ್ಲ ಅವಳು ಬರೆದಿದ್ದ ಹಾಳೆಯನ್ನ ಗುರುಗಳು ಎರಡು ಸಲ ಓದಿದ್ರು. ಆಮೇಲೆ ಈ ಕತೆ ಹೇಳಿದ್ರು.

ಒಂದು ಊರಲ್ಲಿ ಒಂದು ಕೆರೆ. ನೀರು ಹೊರಗೆ ಬಿಡೋ ತೂಬಿನ ಹತ್ರ ಕೆರೆಯ ಏರಿ ಒಳಗೊಳಗೇ ಹಾಳಾಗಿತ್ತು. ಬೇಸಿಗೆಯಲ್ಲಿ ಆ ಮಣ್ಣನ್ನೆಲ್ಲ ತೋಡಿ ತೆಗೆದು ಹೊಸ ಮಣ್ಣು ತುಂಬಿದ್ರು. ಮೊದಲ ಮಳೆ ಆದ ಮೇಲೆ ನೀರುಗಂಟಿ ಬಂದ. ಕೆರೆ ಕಾಯ್ದು ಗದ್ದೆಗಳಿಗೆ ನೀರು ಬಿಡೋನು ಅವನೇ. ಹೊಸ ಮಣ್ಣಿನ ಮೇಲೆ ಕೈ ಹರಡಿಟ್ಟು, ಗೇಣಗಲ ಜಾಗದಲ್ಲಿ ಎಷ್ಟು ಎಳೆ ಗರಿಕೆ ಬಂದಿದೆ ಅಂತ ಎಣಿಸಿದ. ಗರಿಕೆ ಬೇರು ಮಣ್ಣನ್ನ ಹಿಡ್ಕೊಂಡ್ರೇ ಏರಿ ನಿಲ್ಲೋದು.

ತೂಬಿನ ಕೆಳಗೆ ಗದ್ದೆ ಇದ್ದ ರೈತ ಅಲ್ಲೇ ನಿಂತಿದ್ದ. ಏನಂತೆ ಅಂತ ಕೇಳಿದ. ಗರಿಕೆ ತೆಳ್ಳಗಿದೆ, ಇಂಥ ಏರಿ ಹತ್ತು ಇದ್ರೆ ಆರು ಒಡೀತವೆ ಅಂದ ನೀರುಗಂಟಿ.

ರೈತ ಸೀದಾ ಮನೆಗೆ ಹೋದ. ನಾಟಿಗೆ ಅಂತ ಭತ್ತದ ಸಸಿ ಬೆಳೆಸಿದ್ದ. ಹೆಂಗೂ ಕೊಚ್ಚಿಕೊಂಡು ಹೋಗೋದು ತಾನೇ ಅಂತ, ಆ ಸಸಿಗೆ ಎಮ್ಮೆ ಬಿಟ್ಟ.

ಮಾರನೇ ದಿನ ನೀರುಗಂಟಿ ಆ ದಾರೀಲಿ ಬಂದ. ಎಮ್ಮೆ ಆರಾಮಾಗಿ ಸಸಿ ಮೇಯ್ತಾ ಇತ್ತು.

"ಏನಪ್ಪಾ, ಈ ಸಲ ನಾಟಿ ಎಮ್ಮೆ ಹೊಟ್ಟೇಲಾ?"

"ನೀನೇ ತಾನೇ ಒಡೀತದೆ ಅಂದಿದ್ದು?"

"ಆರು ಒಡೀತವೆ ಅಂದೆ. ಮಿಕ್ಕ ನಾಲ್ಕನ್ನೂ ನಿನ್ನ ಎಮ್ಮೆಗೇ ಹಾಕಿಬಿಟ್ಟೆಯಲ್ಲೋ! ದಿನಾ ಬೆಳಿಗ್ಗೆ ಮೊದಲು ಏರಿಯ ಯಾವ ಜಾಗ ತುಳಿದು ನೋಡಬೇಕು ಅಂತ ಗೊತ್ತಾಗ್ಲಿ ಅಂತ ನಾನು ಎಣಿಸೋದು."

ಹಾಗೇ ನೀರುಗಂಟಿ ದಿನಾ ಬೆಳಿಗ್ಗೆ ಬರಿಗಾಲಲ್ಲಿ ಆ ಏರಿ ಮೇಲೆ ನಡೆದ. ಹನ್ನೊಂದನೇ ದಿನ ಅಂಗಾಲಿಗೆ ತೇವ ತಗುಲ್ತು. ಬಗ್ಗಿ ನೋಡಿದ್ರೆ ಏಡಿ ಬಿಲ, ಅದರಿಂದ ನೀರು ಜಿನುಗ್ತಾ ಇತ್ತು. ಜೇಡಿಮಣ್ಣು ತುಂಬಿ ತುಳಿದು ಮುಚ್ಚಿದ. ಗರಿಕೆ ತೆಳ್ಳಗಿದ್ದ ಕಡೆಯೆಲ್ಲ ಬೇರೆ ಕಡೆಯಿಂದ ಬೇರು ಮಣ್ಣಿನ ಸಮೇತ ಗರಿಕೆ ತಂದು ನೆಟ್ಟ.

ಕೆರೆ ತುಂಬಿ ಕೋಡಿ ಬಿತ್ತು. ಏರಿ ನಿಂತಿತ್ತು. ಊರಿನ ಹೆಂಗಸರು ಬಾಗಿನ ಬಿಟ್ಟರು. ಎಲ್ಲರ ಗದ್ದೇಲೂ ನಾಟಿ. ರೈತನ ಹತ್ರ ಮಾತ್ರ ಒಂದು ಸಸಿಯೂ ಇರಲಿಲ್ಲ. ನಾಚಿಕೆ ಬಿಟ್ಟು ಮನೆಮನೆಗೆ ಹೋದ. ಎಲ್ಲರೂ ಎಮ್ಮೆ ಚೆನ್ನಾಗಿದೆಯಾ ಅಂತ ವಿಚಾರಿಸಿ, ಆಮೇಲೇ ಒಂದೊಂದು ಕಟ್ಟು ಸಸಿ ಕೊಟ್ಟರು. ಹನ್ನೆರಡು ಮನೆಯ ಸಸಿ ಒಂದೇ ಗದ್ದೇಲಿ ಬೆಳೀತು. ಒಂದು ಕಡೆ ತೆನೆ ಹಣ್ಣಾದ್ರೆ ಇನ್ನೊಂದು ಕಡೆ ಹಸಿರು. ಅವನು ಕುಡುಗೋಲು ಹಿಡ್ಕೊಂಡು ತಿಂಗಳಿಡೀ ಗದ್ದೇಲೇ ಇದ್ದ. ಅವನಷ್ಟು ಖುಷಿಯಾಗಿ ಆ ವರ್ಷ ಯಾರೂ ಕೊಯ್ಲು ಮಾಡಲಿಲ್ಲ.

ಎಮ್ಮೆ ಮಾತಿಗೆ ನಾಗವೇಣಿಗೆ ಜೋರಾಗಿ ನಗು ಬಂದಿತ್ತು. ಕತೆ ಮುಗಿದ ಮೇಲೂ ಅವಳ ಮುಖ ಅರಳಿಕೊಂಡೇ ಇತ್ತು. "ಹಾಗಾದ್ರೆ ಹಾಸು ಏರಿಸಿ ಅಂತ ಹೇಳ್ತೀನಿ ಸರ್," ಅಂತ ಎದ್ದಳು.

ಗುರುಗಳು ಹಾಳೆಯನ್ನ ಅವಳ ಕೈಗೇ ವಾಪಸ್ ಕೊಟ್ಟರು.

"ಹೇಳಮ್ಮ, ಖಂಡಿತ ಹೇಳು, ಆದ್ರೆ ಅವರನ್ನ ಮತ್ತೆ ಕರೆಸಿ ಪರೀಕ್ಷೆ ಮಾಡೋ ದಿನ ಇದರಲ್ಲಿ ಎಲ್ಲಿ ಬರೆದಿದ್ದೀಯ, ತೋರಿಸು."