ಕಂಬಕ್ಕೆ ಅಂಟಿಸಿದ ಗಾಜು

"ಗುರುಗಳೇ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದವನನ್ನೂ ತಡೆದು, ಇದರಿಂದ ಏನೇನು ಕೆಡುತ್ತದೆಂದು ಮೊದಲೇ ಪರೀಕ್ಷಿಸುವ ಕಾಯ್ದೆ ಇದೆಯಲ್ಲ, ಅದು ಅವನ ಮನಸ್ಸನ್ನೇ ಅನುಮಾನಿಸಿದಂತಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ಹಳೆಯ ಗುಡಿಯ ಪಕ್ಕದಲ್ಲಿ ಅವನು ಕಟ್ಟಿಸಬೇಕೆಂದಿದ್ದ ದಾಸೋಹದ ಮನೆಗೆ ಆ ಕಾಯ್ದೆ ಅಡ್ಡ ಬಂದಿತ್ತು.

"ಮೂಗಿನ ತುದಿಯ ಸಿಟ್ಟು ಕೊಂಚ ಇಳಿಯಲಿ, ಕೇಳು" ಎಂದು ಗುರುಗಳು ನಕ್ಕು ಕತೆ ತೊಡಗಿದರು.

ಒಬ್ಬ ವ್ಯಾಪಾರಿ ಯಾತ್ರಿಕರಿಗಾಗಿ ಛತ್ರ ಕಟ್ಟಿಸುವ ಹರಕೆ ಹೊತ್ತಿದ್ದ. ಅಪ್ಪಟ ಭಕ್ತ. ಛತ್ರ ದೇವರ ಕಣ್ಣೆದುರೇ ಇರಲೆಂದು ಪುರಾತನ ಗುಡಿಯ ಮಗ್ಗುಲಿನ ಬಂಡೆಯನ್ನೇ ಆರಿಸಿಕೊಂಡ. ಬಂಡೆ ಸಿಡಿಸದೆ ಪಾಯ ತೆಗೆಯುವಂತಿರಲಿಲ್ಲ. ಪರೀಕ್ಷೆಯಾಗದೆ ಬಂಡೆ ಸಿಡಿಸುವಂತಿರಲಿಲ್ಲ.

ಪರೀಕ್ಷೆಗೆ ಒಬ್ಬ ಅಧಿಕಾರಿಣಿ ಬಂದಳು. ಗುಡಿಯ ಕಂಬವೊಂದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅವಳು ಅದರ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದಳು.

"ಯಜಮಾನರೇ, ಬಂಡೆಗೆ ಒಂದು ಸಣ್ಣ ಸಿಡಿಮದ್ದು ಇಡಿಸುತ್ತೇನೆ. ಬಿರುಕು ಅಲುಗಿದರೆ ಕಲ್ಲು ಬಾಯಿಬಿಟ್ಟು ಹೇಳುವುದಿಲ್ಲ, ಗಾಜು ಒಡೆದು ಹೇಳುತ್ತದೆ. ಅದು ಒಡೆದರೆ ಛತ್ರ ಇಲ್ಲಿ ಬೇಡ" ಎಂದಳು.

ಅವಳು ಬಂಡೆಯ ಕಡೆ ಹೋದಳು. ವ್ಯಾಪಾರಿ ಕಂಬದ ಬಳಿಯೇ ನಿಂತ. ಮದ್ದು ಸಿಡಿಯಿತು. ಟಕ್ಕೆಂದು ಗಾಜು ಎರಡಾಯಿತು.

ನೋಡಿದವನು ಅವನೊಬ್ಬನೇ. ಅವಳ ಪೆಟ್ಟಿಗೆ ಅಲ್ಲೇ ತೆರೆದಿತ್ತು, ಅದರಲ್ಲಿ ಬೇರೆ ಪಟ್ಟಿಗಳಿದ್ದವು, ಅಂಟೂ ಇತ್ತು. ಒಂದು ಪಟ್ಟಿಯನ್ನು ಕೈಗೆತ್ತಿಕೊಂಡೇಬಿಟ್ಟ. ಅಂಟಿಸಿದರೆ ಹರಕೆ ತೀರುತ್ತಿತ್ತು. ಕಂಬದ ಕಡೆ ತಿರುಗಿದ. ಅಲ್ಲಿ ಕಲ್ಲಿನ ಹೆಣ್ಣೊಬ್ಬಳು ದೀಪ ಹಿಡಿದು ನಿಂತಿದ್ದಳು. ಬಿರುಕು ಅವಳ ಮಣಿಕಟ್ಟಿನ ಹತ್ತಿರಕ್ಕೆ ಬಂದಿತ್ತು. ಯಾವ ಕಾಲದ ಯಾವ ಪುಣ್ಯಾತ್ಮನ ಕೈಕೆಲಸವೋ, ದೀಪ ಒಂದಿಷ್ಟೂ ಓರೆಯಾಗಿರಲಿಲ್ಲ. ಇಷ್ಟು ವರ್ಷ ದೇವರಿಗೆ ಕೈಮುಗಿದು ಹೋಗುತ್ತಿದ್ದವನು ಅವಳನ್ನು ಸರಿಯಾಗಿ ನೋಡಿದ್ದು ಆಗಲೇ.

ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ಕೂಗಿದ: "ಅಮ್ಮಾ, ಬನ್ನಿ. ಗಾಜು ಒಡೆಯಿತು."

ಅಧಿಕಾರಿಣಿ ಬಂದು ನೋಡಿದಳು. ತೆರೆದಿದ್ದ ಪೆಟ್ಟಿಗೆಯನ್ನೂ ನೋಡಿದಳು. ಏನೂ ಕೇಳದೆ ಅವನಿಗೆ ಕೈಮುಗಿದಳು. ಛತ್ರ ಕೆರೆಯಾಚೆಯ ಮಣ್ಣುನೆಲದಲ್ಲಿ ಎದ್ದಿತು. ಅದರ ಜಗಲಿಯಿಂದ ಇಡೀ ಗುಡಿ ಕಾಣುತ್ತದೆ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ನೋಡಿದಿರಾ ಗುರುಗಳೇ, ಎಂಥ ಒಳ್ಳೆಯ ಮನಸ್ಸಿನವನು! ಅಂಥವನಿಗೂ ಪರೀಕ್ಷೆ ಬೇಕಿತ್ತೇ?"

ಗುರುಗಳೆಂದರು: "ಅವನ ಮನಸ್ಸು ಒಳ್ಳೆಯದೆಂದು ಆ ಕಂಬಕ್ಕೆ ಹೇಗೆ ತಿಳಿಯಬೇಕು, ಮಗು?"