ಹೇಸರಗತ್ತೆಗೆ ಸಿಕ್ಕ ಜಾಗ

ಅರಸನ ಕಾಟ ತಾಳಲಾರದೆ ಹಡಗು ಹತ್ತಿ ಅಮೆರಿಕ ಸೇರಿದ ಪ್ರಾಣಿಗಳು ಅಲ್ಲೊಂದು ಕೊಟ್ಟಿಗೆ ಕಟ್ಟಿದವು. ದಿಮ್ಮಿಗಳನ್ನೆಲ್ಲ ಕಾಡಿನಿಂದ ಎಳೆದು ತಂದದ್ದು ಹೇಸರಗತ್ತೆ. ಕಟ್ಟಿ ಮುಗಿದ ದಿನ ಕುದುರೆ ಒಳಗೆ ನಿಂತು ಸಾರಿತು: "ಇಲ್ಲಿ ಅರಸನಿಲ್ಲ, ಆಳಿಲ್ಲ. ಎಲ್ಲರೂ ಸಮಾನರು!"

ಹೇಸರಗತ್ತೆ ಹಿಗ್ಗಿ ಹೋಗಿ ಹೊಸಿಲು ದಾಟಲು ಕಾಲೆತ್ತಿತು.

"ನೀನೆಲ್ಲಿಗೆ ಬಂದೆ? ಅತ್ತ ಕುದುರೆಯಲ್ಲ, ಇತ್ತ ಕತ್ತೆಯಲ್ಲ!" ಎಂದು ಕುದುರೆ ಅಡ್ಡ ನಿಂತಿತು.

"ಎಲ್ಲರೂ ಅಂದಿರಲ್ಲ ಸ್ವಾಮಿ, ಅದರಲ್ಲಿ ನಾನೂ ಇದ್ದೇನೆ ಅಂದುಕೊಂಡೆ."

ಕೋಳಿ ಕಿಸಕ್ಕನೆ ನಕ್ಕು, "ಕುದುರೆಯಣ್ಣ, ಆಡಿದ ಮಾತು ನುಂಗುತ್ತೀಯೋ, ಪಕ್ಕಕ್ಕೆ ಸರಿಯುತ್ತೀಯೋ?" ಎಂದು ಕೇಳಿತು.

ಮಾತು ನುಂಗಿದರೆ ನಾಳೆ ತನ್ನ ಬೆನ್ನೇರಲೂ ಒಬ್ಬ ಅರಸ ಬಂದಾನೆಂದು ಹೆದರಿ ಕುದುರೆ ತುಸು ಸರಿಯಿತು.

ಹೇಸರಗತ್ತೆ ಒಳಗೆ ತೂರಿಕೊಂಡು, "ಇನ್ನೂ ಚೂರು ಸರಿಯಣ್ಣ, ನನ್ನ ಬಾಲ ಹೊರಗೇ ಇದೆ" ಎಂದಿತು.