ವೇಗರಾಯನೂ ಮ್ಯೂ ಅಕ್ಷರವೂ

ಭೌತಶಾಸ್ತ್ರದ ಕರಿಹಲಗೆಯ ಮೇಲೆ ಒಂದು ಇಳಿಜಾರು, ಅದರ ತುದಿಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯನ್ನು ಓಡಿಸುವವನು ವೇಗರಾಯ. ಕೆಳಗಿನಿಂದ ಅದನ್ನು ಹಿಡಿದು ತಡೆಯುವವನು ಘರ್ಷಣೆಯನ್ನು ಸೂಚಿಸುವ ಗ್ರೀಕ್ ಅಕ್ಷರ ಮ್ಯೂ.

“ಸದಾ ನನಗೆ ಅಡ್ಡಗಾಲು ಹಾಕುತ್ತೀಯೆ. ತೊಲಗಾಚೆ!” ಎಂದು ವೇಗರಾಯ ಗದರಿದ.

“ಹಾಗೇ ಆಗಲಿ,” ಎಂದು ಮ್ಯೂ ಪಕ್ಕದ ಜೀವಶಾಸ್ತ್ರದ ಹಲಗೆಗೆ ನಡೆದ. ಅಲ್ಲಿ ತನ್ನ ಉದ್ದ ಹೇಳಲಾಗದೆ ಬ್ಯಾಕ್ಟೀರಿಯಾ ಒಂದು ಪೇಚಾಡುತ್ತಿತ್ತು. ಅಳತೆಯಲ್ಲಿ ‘ಮೈಕ್ರೋ’ ಎನ್ನುವುದಕ್ಕೂ ಚಿಹ್ನೆಯಾದ ಮ್ಯೂ ಮೀಟರಿನ ಮುಂದೆ ನಿಂತು ಅದನ್ನು ಹತ್ತು ಲಕ್ಷ ಪಾಲು ಮಾಡಿದ. “ಅಬ್ಬಾ! ನಾನು ಎರಡು ಮೈಕ್ರೋಮೀಟರ್ ಉದ್ದವಿದ್ದೇನೆ!” ಎಂದು ಬ್ಯಾಕ್ಟೀರಿಯಾ ಕುಣಿದಾಡಿತು.

ಇತ್ತ ಪೆಟ್ಟಿಗೆ ಸರ್ರನೆ ಜಾರಿತು. ವೇಗರಾಯ ಕೇಕೆ ಹಾಕಿದ. ಆದರೆ ಇಳಿಜಾರು ಮುಗಿದು ಸಮತಲ ಬಂದರೂ ಪೆಟ್ಟಿಗೆ ನಿಲ್ಲಲಿಲ್ಲ. ಮುಂದೆ ಹಲಗೆಯ ಅಂಚು, ಅದರಾಚೆ ಬರೀ ಗಾಳಿ.

“ಮ್ಯೂ ಅಣ್ಣಾ, ಹಿಡಿದುಕೋ!” ಎಂದು ಅವನು ಕಿರುಚಿದ.

ಮ್ಯೂ ಒಂದೇ ನೆಗೆತಕ್ಕೆ ಬಂದು ಪೆಟ್ಟಿಗೆಯ ತಳವನ್ನು ಗಟ್ಟಿಯಾಗಿ ಹಿಡಿದ. ಅಂಚು ಇನ್ನು ಗೇಣುದ್ದವಿದೆ ಎನ್ನುವಾಗ ಅದು ನಿಂತಿತು.

ವೇಗರಾಯ ಸುಧಾರಿಸಿಕೊಂಡು, “ಇನ್ನೊಂದು ಸಲ ಹತ್ತೋಣವೇ ಅಣ್ಣಾ?” ಎಂದ.

“ಹೆದರಿಕೆಯಾಗಲಿಲ್ಲವೇ?”

“ಆಯಿತು. ಆದರೆ ಹಿಡಿಯಲು ನೀನಿದ್ದೀಯಲ್ಲ, ಈಗ ಇನ್ನೂ ಜೋರಾಗಿ ಓಡಿಸಬಲ್ಲೆ!”

ಇಬ್ಬರೂ ನಗುತ್ತ ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳತೊಡಗಿದರು.